ಆ ಮುದುಕ ಬಾಗಿಲು ಯಾಕೆ ತೆಗೆದ

ನಮ್ಮ ಮನೆಯಲ್ಲಿ ಏಳು ಥರದ ಉಪ್ಪಿನಕಾಯಿ ಇರುತ್ತಿತ್ತು, ಕ್ಷಮೆ ಮಾತ್ರ ಒಂದು ಚಮಚೆಯಷ್ಟೂ ಸಿಗುತ್ತಿರಲಿಲ್ಲ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಬಳೆ ಅಂಗಡಿ ದಾಟಿ, ಒಬ್ಬರ ಹಿಂದೆ ಒಬ್ಬರು ಹೋಗಬೇಕಾದಷ್ಟು ಇಕ್ಕಟ್ಟಿನ ಸಂದಿಯಲ್ಲಿ ಇಪ್ಪತ್ತು ಹೆಜ್ಜೆ ನಡೆದರೆ ಆ ಕಲ್ಲಿನ ಮನೆ. ತಲೆಬಾಗಿಲು ಒಂದೇ, ಅಡುಗೆಮನೆ ಎರಡು. ಪಡಸಾಲೆಯ ಬಲಕ್ಕೆ ದೊಡ್ಡಾಯಿಯ ಒಲೆ, ಎಡಕ್ಕೆ ಸಣ್ಣಾಯಿಯ ಒಲೆ. ದೊಡ್ಡಾಯಿ ಎಂದರೆ ನನ್ನ ಅಜ್ಜನ ಅಣ್ಣನ ಹೆಂಡತಿ. ಸಣ್ಣಾಯಿ ನನ್ನ ಅಪ್ಪನ ತಾಯಿ. ಇಬ್ಬರ ಗಂಡಂದಿರೂ ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರು. ದೊಡ್ಡಾಯಿಯ ಮಗ ಒಣದ್ರಾಕ್ಷಿ ವ್ಯಾಪಾರಕ್ಕೆಂದು ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗುತ್ತಿದ್ದ. ನನ್ನ ಅಪ್ಪ ಗುಮಾಸ್ತ, ಇಬ್ಬರು ಆಯಂದಿರ ನಡುವೆ ಚಪ್ಪಲಿಯ ಸದ್ದೂ ಆಗದಂತೆ ಓಡಾಡುವ ಮನುಷ್ಯ. ಹೀಗಾಗಿ ರಾಜ್ಯವೆಲ್ಲ ಆ ಇಬ್ಬರು ಹೆಂಗಸರದೇ. ಅಂಗಳದ ನಳಕ್ಕೆ ನಾಲ್ಕೈದು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಯಾರ ಕೊಡ ಮೊದಲು ಎಂಬುದರ ಮೇಲೆ ನಡೆದ ಕಾಳಗಗಳನ್ನು ನಾನು ಗಲ್ಲಕ್ಕೆ ಕೈಕೊಟ್ಟು ನೋಡುತ್ತ ಬೆಳೆದೆ. ನಳದ ಕಟ್ಟೆಯ ಮೇಲೆ ಇದ್ದಿಲಿನಿಂದ ಎಳೆದ ಒಂದು ಗೆರೆ ಇತ್ತು. ಮಳೆಗೆ ಅಳಿಸಿದರೆ ಮರುದಿನವೇ ಯಾರೋ ಮತ್ತೆ ಎಳೆದಿರುತ್ತಿದ್ದರು.

ನಾನು ಹುಟ್ಟಿದ ವರ್ಷದಿಂದ ಅವರಿಬ್ಬರೂ ನೇರವಾಗಿ ಮಾತಾಡುವುದನ್ನು ಬಿಟ್ಟಿದ್ದರಂತೆ. ಕಾರಣ ಕೇಳಿದರೆ ಒಬ್ಬಳು ತೊಟ್ಟಿಲು ಎನ್ನುತ್ತಿದ್ದಳು, ಇನ್ನೊಬ್ಬಳು ತುಪ್ಪದ ಗಡಿಗೆ ಎನ್ನುತ್ತಿದ್ದಳು. ಪಡಸಾಲೆಯಲ್ಲಿ ಎರಡು ಮೊಳ ದೂರದಲ್ಲಿ ಕೂತವರ ಮಾತನ್ನು ಒಬ್ಬರಿಂದ ಒಬ್ಬರಿಗೆ ಮುಟ್ಟಿಸುವ ಕೆಲಸ ನನ್ನದು.

“ಏ ಪಾರಿ, ಆ ಕಡಿಯವ್ರಿಗೆ ಹೇಳು, ನಮ್ಮ ಹಿಟ್ಟಿನ ಡಬ್ಬಿ ಮುಚ್ಚಳ ಅಲ್ಲೆ ಹೋಗಿ ಕುಂತೈತಿ ಅಂತ.”

“ಏ ಪಾರಿ, ಈ ಕಡಿಯವ್ರಿಗೆ ಗೊತ್ತಿಲ್ಲ ಅಂತ ಹೇಳು. ಮುಚ್ಚಳಕ್ಕ ಕಾಲ ಬಂದಿರಬೇಕು.”

ಮಾತು ಅವರಿಗೆ ಕೇಳಿಸುತ್ತಲೇ ಇತ್ತು. ಆದರೂ ನಾನು ಹೇಳಿದ ಮೇಲೆಯೇ ಅದಕ್ಕೆ ಉತ್ತರ. ಏಳೆಂಟು ವರ್ಷಕ್ಕೇ ನನಗೆ ಆ ಕಸುಬು ಕೈಗೆ ಹತ್ತಿತ್ತು. ಬೇಸರವಾದ ದಿನ ಮಾತಿಗೆ ಸ್ವಲ್ಪ ಖಾರ ಸೇರಿಸಿ ಕೊಡುತ್ತಿದ್ದೆ. ಅವ್ವನಿಗೆ ತಲೆನೋವಿದ್ದ ದಿನ ಖಾರ ತೆಗೆದು ಕೊಡುತ್ತಿದ್ದೆ. ಯಾರೂ ನನ್ನನ್ನು ಹಿಡಿಯಲಿಲ್ಲ. ನಾನು ಏನು ಹೇಳುತ್ತೇನೋ ಅದೇ ಆ ಮನೆಯಲ್ಲಿ ಅಧಿಕೃತ ಮಾತಾಗಿತ್ತು, ಆ ಅಧಿಕಾರದ ರುಚಿ ನನಗೆ ಆ ವಯಸ್ಸಿನಲ್ಲೇ ಹತ್ತಿತು.

ಅಪ್ಪ ಟೀವಿ ತಂದಾಗ ಅದನ್ನು ಎಲ್ಲಿಡಬೇಕೆಂದು ಮೂರು ದಿನ ಚರ್ಚೆಯಾಗಿ, ಕಡೆಗೆ ಪಡಸಾಲೆಯ ನಟ್ಟನಡುವಿನ ಗೂಡಿನಲ್ಲಿ ಇಡಲಾಯಿತು. ಬಲಗಡೆಯ ಕಂಬಕ್ಕೆ ಒರಗಿ ದೊಡ್ಡಾಯಿ, ಕೈಯಲ್ಲಿ ಅಡಕೊತ್ತು. ಎಡಗಡೆ ಮಂಚದ ಮೇಲೆ ಸಣ್ಣಾಯಿ, ಕೈಯಲ್ಲಿ ಜಪಮಣಿ. ನಡುವೆ ನೆಲದ ಮೇಲೆ ನಾನು. ರವಿವಾರ ಬೆಳಿಗ್ಗೆ ಹಿಂದಿಗೆ ಡಬ್ ಆದ ಒಂದು ಪರದೇಶದ ಕಾರ್ಟೂನು ಬರುತ್ತಿತ್ತು. ಅದರ ಹೆಸರು ಇಂಗ್ಲಿಷಿನಲ್ಲಿ ಸುತ್ತುತ್ತ ಬಂದು ನಾನು ಓದಿ ಮುಗಿಸುವುದರೊಳಗೆ ಮಾಯವಾಗುತ್ತಿತ್ತು. ತಾಮ್ರದ ಮುಖವಾಡ ಹಾಕಿಕೊಂಡ ಒಬ್ಬ ನಾಯಕ, ಒಂದು ಚಿಟಿಕೆ ಹೊಡೆದರೆ ಕಿಟಕಿಯ ಗಾಜೆಲ್ಲ ಒಡೆಯುವ ಶಕ್ತಿ ಅವನದು. ಆ ಊರಿನಲ್ಲಿ ಇಬ್ಬರು ದೊಡ್ಡ ಕಳ್ಳ ದಣಿಗಳು. ಒಬ್ಬ ದಪ್ಪ ಕೋಲು ಹಿಡಿದ ಮುದುಕ, ಬಂದರು ಅವನ ಕೈಯಲ್ಲಿ. ಇನ್ನೊಬ್ಬ ಬಂಗಾರದ ಹಲ್ಲಿನವನು, ಲಾರಿಗಳೆಲ್ಲ ಅವನವು. ಬಾಗವಾನ ಹೆಂಗಸರ ಹತ್ತಿರ ಬದನೆಕಾಯಿ ಚೌಕಾಶಿ ಮಾಡುವಷ್ಟು ಉರ್ದು ಇಬ್ಬರು ಆಯಂದಿರಿಗೂ ಬರುತ್ತಿತ್ತು, ಆದರೆ ಟೀವಿಯ ಹಿಂದಿ ಅವರ ಕಿವಿಗೆ ನಿಲ್ಲುತ್ತಿರಲಿಲ್ಲ. ಸಾಲೆಯಲ್ಲಿ ಹಿಂದಿ ಕಲಿಯುತ್ತಿದ್ದವಳು ನಾನೊಬ್ಬಳೇ. ಹೀಗೆ ನನ್ನ ಹಳೆಯ ನೌಕರಿಗೆ ಇನ್ನೊಂದು ನೌಕರಿ ಸೇರಿತು.

“ಏನಂದಾ ಅಂವ?”

“ಬಂದರ ನಂದು, ರಸ್ತೆ ನಿಂದು, ಈ ಗೆರಿ ದಾಟಬ್ಯಾಡ ಅಂದಾ, ಆಯಿ.”

ದೊಡ್ಡಾಯಿ ತಲೆದೂಗಿದಳು. “ಸರಿ ಐತಿ. ಹಿರೇರಂದ್ರ ಹಿರೇರು. ಹೆಂಗ ಕುಂತಾನ ನೋಡು ಕುರ್ಚಿ ಮ್ಯಾಲ! ಗತ್ತಂದ್ರ ಅದು.”

ಸಣ್ಣಾಯಿ ಮಂಚದ ಕಾಲಿಗೆ ಹೇಳಿದಳು. “ಕುಂತಲ್ಲೆ ಕುಂತು ಹುಕುಂ ಮಾಡೂದು ಯಾವ ದೊಡ್ಡಸ್ತನ? ಹಲ್ಲಿನಾಂವ ಪಾಪ ರಟ್ಟಿ ಮುರದು ದುಡದು ಮ್ಯಾಲ ಬಂದಾನ.”

ಅವತ್ತಿನಿಂದ ಮುದುಕ ದೊಡ್ಡಾಯಿಯವನಾದ, ಬಂಗಾರದ ಹಲ್ಲಿನವನು ಸಣ್ಣಾಯಿಯವನಾದ. ಮುದುಕನ ಕಡೆಯವರು ಹಲ್ಲಿನವನ ಲಾರಿಯನ್ನು ನದಿಗೆ ದೂಡಿದ ವಾರ ದೊಡ್ಡಾಯಿ ಓಣಿಗೆಲ್ಲ ಮಂಡಕ್ಕಿ ಹಂಚಿದಳು. ಹಲ್ಲಿನವನು ಬಂದರಿಗೆ ಬೆಂಕಿ ಇಟ್ಟ ವಾರ ಸಣ್ಣಾಯಿ ಗುಡಿಗೆ ಹೋಗಿ ಕಾಯಿ ಒಡೆಸಿದಳು. ಕಥೆಯ ನಾಯಕನನ್ನು ಮಾತ್ರ ಇಬ್ಬರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಅವನು ಕಿಟಕಿ ಒಡೆದುಕೊಂಡು ಒಳಗೆ ನುಗ್ಗಿದ ಕೂಡಲೇ ಇಬ್ಬರ ಬಾಯಿಂದಲೂ ಒಂದೇ ಮಾತು ಬರುತ್ತಿತ್ತು.

“ಈ ತಂಬಗಿ ಮಾರ್ಯಾಂವ ನಡುವ ಯಾಕ ಬರ್ತಾನೋ! ದೊಡ್ಡವ್ರು ಮಾತಾಡಾಕತ್ತಾರ, ತಿಳಿಯೂದಿಲ್ಲೇನು?”

ನನಗೆ ನೆನಪಿರುವಂತೆ ಆ ಮನೆಯಲ್ಲಿ ಅವರಿಬ್ಬರೂ ಒಪ್ಪಿದ ವಿಷಯ ಅದೊಂದೇ.

ಆ ವರ್ಷ ದೊಡ್ಡಾಯಿಯ ಕಿರಿಯ ಮಗಳು ಶಾಂತಾ ಅತ್ತೆಗೆ ಬಬಲೇಶ್ವರದ ಸಂಬಂಧ ಬಂತು. ಅದಕ್ಕೂ ಮೊದಲು ಎರಡು ಸಂಬಂಧ ಮಾತಿನ ಹಂತದಲ್ಲೇ ಮುರಿದಿದ್ದವು. ಮೂರನೆಯದು ಕೈಬಿಟ್ಟರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ ಎಂದು ದೊಡ್ಡಾಯಿ ಊಟ ಬಿಟ್ಟು ಹರಕೆ ಹೊತ್ತಿದ್ದಳು. ಸಾಕರಪುಡಿ, ಅಂದರೆ ನಿಶ್ಚಯದ ಶಾಸ್ತ್ರ, ನಮ್ಮ ಮನೆಯಲ್ಲೇ. ನಲವತ್ತು ಜನ ಬೀಗರು ಊಟಕ್ಕೆ. ಹೋಳಿಗೆ ಆಗಬೇಕು, ಮತ್ತು ಹೋಳಿಗೆಯ ಕೈ ಇದ್ದದ್ದು ನನ್ನ ಅವ್ವನಿಗೆ ಮಾತ್ರ. ಅಂಗೈಯಷ್ಟು ಕಣಕದಲ್ಲಿ ಮುಷ್ಟಿ ಹೂರಣ ತುಂಬಿ, ತಟ್ಟೆಯಗಲ ಲಟ್ಟಿಸಿ, ಒಂದೂ ಹರಿಯದಂತೆ ಹಂಚಿಗೆ ಹಾಕುತ್ತಿದ್ದಳು. ಎಡಗಡೆಯ ಸೊಸೆಯನ್ನು ಬಲಗಡೆಯ ಅಡುಗೆಮನೆಗೆ ಕರೆದದ್ದು ನನ್ನ ತಿಳಿವಳಿಕೆಯಲ್ಲಿ ಅದೇ ಮೊದಲು. ಓಣಿಯವರ ಮುಂದೆ ಸಣ್ಣತನ ಬೇಡವೆಂದು ಸಣ್ಣಾಯಿ ಮುಖ ಗಂಟಿಕ್ಕಿಕೊಂಡೇ ಕಳಿಸಿದಳು. ಅವ್ವ ಬೆಳಗಿನ ಆರಕ್ಕೆ ಒಲೆಯ ಮುಂದೆ ಕೂತಳು, ಹಾಡುತ್ತಿದ್ದಳು ಕೂಡ.

ಫೋನು ದೊಡ್ಡಾಯಿಯ ಕೋಣೆಯಲ್ಲಿತ್ತು, ಸ್ಟೂಲಿನ ಮೇಲೆ, ಕ್ರೋಶಾದ ಬಟ್ಟೆ ಹೊದ್ದುಕೊಂಡು. ಹತ್ತು ಗಂಟೆಯ ಸುಮಾರಿಗೆ ನಾನು ಅಲ್ಲಿ ನೆಲದ ಮೇಲೆ ಕೂತು ವೀಳ್ಯದೆಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಫೋನು ಬಡಿದುಕೊಂಡಿತು, ದೊಡ್ಡಾಯಿ ಎತ್ತಿದಳು.

“ಹಲೋ... ಹೂಂನ್ರಿ... ಯಾವಾಗ?... ನಾಕಕ್ಕೇನು?... ಹೂಂನ್ರಿ, ಹೇಳ್ತೀನಿ. ನಾ ಹೇಳ್ತೀನಿ, ನೀವ ಇಡ್ರಿ.”

ಇಟ್ಟ ಮೇಲೂ ಅವಳ ಕೈ ಫೋನಿನ ಮೇಲೇ ಇತ್ತು. ಆಮೇಲೆ ಸೆರಗು ಸರಿ ಮಾಡಿಕೊಂಡಳು.

“ಯಾರ ಆಯಿ?”

“ರಾಂಗ್ ನಂಬರ್.”

ರಾಂಗ್ ನಂಬರಿಗೆ ಯಾರಾದರೂ ಹೇಳ್ತೀನ್ರಿ ಎನ್ನುತ್ತಾರೆಯೇ? ಹತ್ತು ವರ್ಷದ ಹುಡುಗಿಗೆ ಅಷ್ಟು ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ, ಏಕೆಂದರೆ ನಾನು ಎಲೆಯ ತಟ್ಟೆಯ ಕೆಳಗೆ ಎರಡು ಪೇಡೆ ಬಚ್ಚಿಟ್ಟಿದ್ದೆ, ನನ್ನ ಗಮನವೆಲ್ಲ ಅಲ್ಲಿತ್ತು. ಬೀಗರು ಬಂದರು, ಸಕ್ಕರೆ ಹಂಚಿದರು, ಹೋಳಿಗೆಯನ್ನು ಬಾಯಿತುಂಬ ಹೊಗಳಿದರು. ಶಾಂತಾ ಅತ್ತೆ ನಾಚಿಕೊಂಡು ಹಸಿರು ಸೀರೆಯಲ್ಲಿ ಕೂತಿದ್ದಳು. ಅಪ್ಪ ಬೀಗರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದ. ದೀಪ ಹಚ್ಚುವ ಹೊತ್ತಿಗೆ, ಅವ್ವ ಹಂಚು ತಿಕ್ಕುತ್ತಿದ್ದಾಗ, ದೊಡ್ಡಾಯಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

“ನಿಮ್ಮ ಅಣ್ಣನ ಫೋನ್ ಬಂದಿತ್ತು ಬೇ. ನಿಮ್ಮಪ್ಪಗ ಆರಾಮಿಲ್ಲಂತ. ಒಂದ ಸಲ ಹೋಗಿ ಬಾ.”

ಅವ್ವನ ತವರು ತಿಕೋಟಾ. ಜೀಪಿನಲ್ಲಿ ಅರ್ಧ ತಾಸಿನ ದಾರಿ. ಅವ್ವ ಸೀರೆ ಕೂಡ ಬದಲಿಸದೆ ನನ್ನ ಕೈ ಹಿಡಿದುಕೊಂಡು ಹೊರಟಳು. ತಿಕೋಟಾದ ಮನೆಯ ಕಟ್ಟೆಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು, ಯಾರೂ ಅಳುತ್ತಿರಲಿಲ್ಲ, ಅಳುವ ಹೊತ್ತು ಮುಗಿದುಹೋಗಿತ್ತು. ಮಾವ ಒದ್ದೆ ತಲೆಯಲ್ಲಿ ಹೊರಗೆ ಬಂದ.

“ಇಷ್ಟೊತ್ತಿಗೆ ಬಂದೇನವಾ? ಹತ್ತಕ್ಕ ಫೋನ್ ಮಾಡೀನಿ ನಾ. ನಾಕಕ್ಕ ಮಣ್ಣು ಅಂದಾಂವ ಐದೂವರಿ ತನಾ ನಿನ್ನ ದಾರಿ ನೋಡೀನಿ.”

ಅವ್ವ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಉಗುರುಗಳ ಸಂದಿಯಲ್ಲಿ ಹೂರಣ ಒಣಗಿ ಹಳದಿ ಗಟ್ಟಿಯಾಗಿತ್ತು. ತನ್ನ ಅಪ್ಪನ ಹೆಣ ದಾರಿ ನೋಡುತ್ತಿದ್ದ ಹೊತ್ತಿಗೆ ಅವಳು ಬೀಗರಿಗೆ ಎರಡನೆಯ ಸಲ ತುಪ್ಪ ಬಡಿಸುತ್ತಿದ್ದಳು. ನಮ್ಮ ಕಡೆ ಸಾವಿಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತೇವೆ. ಒಂದು ಹಿಡಿ ಮಣ್ಣು ಹಾಕುವುದಷ್ಟೇ ಮಗಳಾದವಳ ಕಡೆಯ ಹಕ್ಕು. ಅದನ್ನು ಅವಳ ಕೈಯಿಂದ ಕಸಿದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಹೊಲದ ಮೂಲೆಯಲ್ಲಿ ಅಜ್ಜನ ಮೇಲೆ ಒಟ್ಟಿದ ಹಸಿಮಣ್ಣಿನ ಮೇಲೆ ಅವ್ವ ತನ್ನ ಹಿಡಿ ಮಣ್ಣು ಹಾಕಿದಳು. ಬರುವಾಗ ದ್ರಾಕ್ಷಿ ಒಣಗಿಸುವ ಶೆಡ್ಡಿನೊಳಗೆ ನನ್ನನ್ನು ಎಳೆದುಕೊಂಡಳು. ಹಸಿರು ಬಲೆಗಳ ಮೇಲೆ ದ್ರಾಕ್ಷಿ ಹರಡಿತ್ತು, ಒಳಗೆಲ್ಲ ಹುಳಿ ವಾಸನೆ.

“ನಿನ್ನಿ ನೀ ಎಲಿ ಒರಸಾಕ ಆ ಕ್ವಾಣ್ಯಾಗ ಇದ್ದಿ. ಫೋನ್ ಬಂದಿತ್ತೇನು?”

ನಾನು ಹೇಳಿದೆ. ಪೇಡೆಯ ವಿಷಯವನ್ನೂ ಹೇಳಿಬಿಟ್ಟೆ. ಅವ್ವ ಬಲೆಯ ಗಳ ಹಿಡಿದುಕೊಂಡಳು.

“ನನ್ನ ಮ್ಯಾಲ ಆಣಿ ಐತಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ಸೂತಕದಾಗ ಸಾಕರಪುಡಿ ಮಾಡ್ಯಾರ ಅಂತ ಬಬಲೇಶ್ವರದವ್ರಿಗೆ ಗೊತ್ತಾದ್ರ ಶಾಂತಾನ ಲಗ್ನ ಮುರೀತೈತಿ. ನಿಮ್ಮ ಸಣ್ಣಾಯಿಗಂತೂ ಬ್ಯಾಡ ಬ್ಯಾಡ.”

ಮನೆಗೆ ಬಂದು ಎಲ್ಲರಿಗೂ, ಅಪ್ಪನಿಗೂ, ಫೋನು ಸರಿಯಾಗಿ ಕೇಳಿಸಿರಲಿಲ್ಲವಂತೆ ಎಂದಳು. ದೊಡ್ಡಾಯಿ ಅವ್ವನ ಮುಖ ನೋಡದೆ “ಲೈನ್ ಭಾಳ ಖರಾಬ್ ಇತ್ತು” ಎಂದಳು. ಅಷ್ಟಕ್ಕೆ ಮುಗಿಯಿತು ಅವರ ಪಾಲಿಗೆ. ನನ್ನ ಪಾಲಿಗೆ ಅಲ್ಲಿಂದ ಶುರುವಾಯಿತು. ಸಿಟ್ಟು ಎಂದರೆ ಏನೆಂದು ನನಗೆ ಆ ತಿಂಗಳು ಗೊತ್ತಾಯಿತು. ಬೆಳಿಗ್ಗೆ ಹಲ್ಲುಜ್ಜುವಾಗ ಅದು ಇರುತ್ತಿತ್ತು, ಸಾಲೆಯಲ್ಲಿ ಮಗ್ಗಿ ಹೇಳುವಾಗ ಇರುತ್ತಿತ್ತು. ದೊಡ್ಡಾಯಿಯ ಚಷ್ಮಾ ಅಟ್ಟದ ಮೇಲೆ ಬಚ್ಚಿಟ್ಟೆ, ಸಿಕ್ಕಿತು. ಅವಳ ಮಾವಿನಕಾಯಿ ಉಪ್ಪಿನಕಾಯಿಯ ಭರಣಿಗೆ ಒದ್ದೆ ಚಮಚೆ ಅದ್ದಿದೆ. ವಾರದೊಳಗೆ ಬೂಸಲು ಬಂತು. ಅವಳು ಗೊಣಗುತ್ತ ಅದನ್ನು ಚೆಲ್ಲಿ ಬೇರೆ ಭರಣಿ ತೆಗೆದಳು. ನನಗೆ ಅಷ್ಟು ಸಾಲದು. ಎಲ್ಲರೆದುರು ಅವಳ ಮುಖ ಕಪ್ಪಿಡಬೇಕು, ಆ ಗತ್ತು ಇಳಿಯಬೇಕು, ಅದನ್ನು ನಾನು ಮುಂದೆ ಕೂತು ನೋಡಬೇಕು. ಆದರೆ ಅವ್ವನ ಮೇಲಿನ ಆಣೆ ಅಡ್ಡ ಬರುತ್ತಿತ್ತು.

ಶಾಂತಾ ಅತ್ತೆ ಲಗ್ನವಾಗಿ ಬಬಲೇಶ್ವರ ಸೇರಿದಳು. ಆಣೆಯ ಅರ್ಧ ಕಾರಣ ತೀರಿತು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಅದರ ಮುಂದಿನ ರವಿವಾರ ಕಾರ್ಟೂನಿನಲ್ಲಿ ಇಬ್ಬರು ದಣಿಗಳ ಕಡೆಯ ಕಾಳಗ. ಅಕ್ಕಪಕ್ಕದ ಹೆಂಗಸರೂ ಬಂದು ಪಡಸಾಲೆ ತುಂಬಿತ್ತು. ಅವ್ವ ಚುರುಮುರಿ ಕಲಸಿ ತಟ್ಟೆ ಹಿಡಿದುಕೊಂಡು ಬರುತ್ತಿದ್ದಳು. ಪರದೆಯ ಮೇಲೆ, ಮುದುಕ ಹಲ್ಲಿನವನನ್ನು ಹಿಡಿದು ಗೋದಾಮಿನ ಕಬ್ಬಿಣದ ಬಾಗಿಲಿನ ಕೋಣೆಯಲ್ಲಿ ಕೂಡಿಹಾಕಿದ್ದ. ದೊಡ್ಡಾಯಿ ಗೆದ್ದ ಮುಖ ಮಾಡಿಕೊಂಡು ಅಡಿಕೆ ಕತ್ತರಿಸುತ್ತಿದ್ದಳು. ಆಗ ಗೋದಾಮಿನ ಫೋನು ಬಡಿದುಕೊಂಡಿತು. ಮುದುಕ ಎತ್ತಿ ಕೇಳಿಸಿಕೊಂಡ, ಇಟ್ಟ, ಇಟ್ಟ ಮೇಲೂ ಕೈ ಫೋನಿನ ಮೇಲೇ ಇತ್ತು.  ಆಮೇಲೆ ಅವನು ಹಲ್ಲಿನವನಿಗೆ ಹೇಳಿದ ಮಾತು ಇವತ್ತಿಗೂ ನನಗೆ ಬಾಯಿಪಾಠ ಇದೆ. ನಿನ್ನ ತಾಯಿ ಕಡೆಯ ಉಸಿರು ಎಳೆಯುತ್ತಿದ್ದಾಳೆ, ಹೋಗು, ನಮ್ಮ ಜಗಳ ಎಲ್ಲೂ ಹೋಗುವುದಿಲ್ಲ, ತಾಯಿ ಹೋಗುತ್ತಾಳೆ. ಇಷ್ಟೇ ಅವನು ಅಂದದ್ದು.

“ಏನಂತ ಫೋನು? ಏನಂತ?” ದೊಡ್ಡಾಯಿ ಮುಂದಕ್ಕೆ ಬಾಗಿದಳು.

“ಹಲ್ಲಿನಾಂವನ ಅವ್ವ ಸತ್ತಾಳಂತ ಆಯಿ. ನಾಕಕ್ಕ ಮಣ್ಣಂತ.”

“ಅಯ್ಯ! ಮತ್ತ ಮುದುಕ ಏನಂದಾ?”

“ಹೂಂನ್ರಿ, ಹೇಳ್ತೀನಿ, ನಾ ಹೇಳ್ತೀನಿ, ನೀವ ಇಡ್ರಿ ಅಂದಾ. ಯಾರದು ಫೋನು ಅಂತ ಅಂವ ಕೇಳಿದ್ರ ರಾಂಗ್ ನಂಬರ್ ಅಂದಾ.”

ಅಡಕೊತ್ತು ನಿಂತಿತು. ಸಣ್ಣಾಯಿಗೆ ಇನ್ನೂ ಏನೂ ತಿಳಿದಿರಲಿಲ್ಲ, ತನ್ನವನ ಮೇಲಿನ ಮರುಕದಿಂದ ಕೇಳಿದಳು.

“ಹೇಳಿದ್ರ ಅವನ ಗಂಟೇನ ಹೋಗ್ತಿತ್ತು?”

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಬಾಯಿ ನಿಲ್ಲಲಿಲ್ಲ.

“ಅವತ್ತ ಅವನ ಕಡಿಂದ ಹೋಳಗಿ ಮಾಡಸೂದಿತ್ತು, ಆಯಿ.”

ಪಡಸಾಲೆಗೆ ಪಡಸಾಲೆಯೇ ಬಿದ್ದುಬಿದ್ದು ನಕ್ಕಿತು. ಕೋಟು ಹಾಕಿಕೊಂಡ ಕಳ್ಳರ ದಣಿ ಗೋದಾಮಿನಲ್ಲಿ ಕೂತು ಹೋಳಿಗೆ ಲಟ್ಟಿಸುವುದನ್ನು ನೆನೆದು ಪಕ್ಕದ ಮನೆಯ ಹೆಂಗಸು ಕಣ್ಣು ಒರೆಸಿಕೊಂಡಳು. ನಗದವರು ಮೂವರು. ಅವ್ವನ ಕೈಯ ತಟ್ಟೆ ಓರೆಯಾಗಿ ಚುರುಮುರಿ ನೆಲಕ್ಕೆ ಸುರಿಯಿತು. ಸಣ್ಣಾಯಿ ಆ ಚುರುಮುರಿ ನೋಡಿದಳು, ಅವ್ವನ ಮುಖ ನೋಡಿದಳು, ಜಪಮಣಿ ಮಂಚದ ಮೇಲಿಟ್ಟಳು. ಹತ್ತು ವರ್ಷದ ನಂತರ ಮೊದಲ ಸಲ, ನನ್ನ ಮೂಲಕ ಅಲ್ಲ, ನೇರವಾಗಿ ದೊಡ್ಡಾಯಿಗೆ ಮಾತಾಡಿದಳು.

“ಏನ ಅಕ್ಕಾ, ಅವತ್ತ ತಿಕೋಟಾದ ಫೋನ್ ಎಷ್ಟಕ್ಕ ಬಂದಿತ್ತು?”

 ದೊಡ್ಡಾಯಿ ಟೀವಿಯನ್ನೇ ನೋಡುತ್ತಿದ್ದಳು. ಅಲ್ಲಿ ಮುದುಕ ಬೀಗ ತೆಗೆದು, ಕಬ್ಬಿಣದ ಬಾಗಿಲನ್ನು ಎರಡೂ ಕೈಯಿಂದ ಎಳೆದು ತೆರೆದಿದ್ದ. ಹಲ್ಲಿನವನು ನಂಬಲಾರದೆ ಒಂದು ಗಳಿಗೆ ನಿಂತು, ಹೊರಗೆ ಓಡಿದ. ಮುದುಕ ತನ್ನ ಕುರ್ಚಿಗೆ ಹೋಗಿ ಕೂತ. ತಾಮ್ರದ ಮುಖವಾಡದವನು ಬಂದು ಹಿಡಿಯುವವರೆಗೂ ಅಲ್ಲಿಂದ ಏಳಲಿಲ್ಲ. ದೊಡ್ಡಾಯಿ ಅಷ್ಟನ್ನೂ ನೋಡಿದಳು, ಆಮೇಲೆ ಕಂಬ ಹಿಡಿದು ಎದ್ದಳು.

“ಟೀವಿ ಆರಸ್ರಿ” ಎಂದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಮತ್ತೆ ಯಾವ ರವಿವಾರವೂ ಪಡಸಾಲೆಗೆ ಬಂದು ಟೀವಿಯ ಮುಂದೆ ಕೂರಲಿಲ್ಲ. ನನಗೆ ಆ ದಿನ ಊಟ ಎಷ್ಟು ರುಚಿಯಾಯಿತೆಂದರೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ರುಚಿ ವಾರಕ್ಕಿಂತ ಹೆಚ್ಚು ಉಳಿಯಲಿಲ್ಲ. ಸಣ್ಣಾಯಿಗೆ ನನ್ನ ಅವ್ವನ ಅಪ್ಪನ ಬಗ್ಗೆ ಎಳ್ಳಷ್ಟೂ ದುಃಖವಿರಲಿಲ್ಲ. ಬದುಕಿದ್ದಾಗ ಒಂದು ಸಲ ಆ ಮನುಷ್ಯನಿಗೆ ಚಹಾ ಕುಡಿ ಎಂದವಳಲ್ಲ. ಅವಳಿಗೆ ಸಿಕ್ಕದ್ದು ಒಂದು ಆಯುಧ. ನೀರು ಬಂದ ದಿನ ನಳದ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

“ಹೆಣ್ಮಗಳಿಗೆ ಅಪ್ಪನ ಮಣ್ಣ ತಪ್ಪಿಸಿದಾಕಿ ಕೊಡಾ ಹಿಂದಿಡಲಿ!”

ದೊಡ್ಡಾಯಿ ಕೊಡ ಹಿಂದಿಟ್ಟಳು. ಇದ್ದಿಲಿನ ಗೆರೆ ಅಳಿಸಿಹೋಯಿತು, ಕಟ್ಟೆಯೆಲ್ಲ ಸಣ್ಣಾಯಿಯದಾಯಿತು. ಮಾತು ಬಬಲೇಶ್ವರಕ್ಕೂ ಮುಟ್ಟಿತು. ಲಗ್ನ ಆಗಿಹೋಗಿತ್ತಾದ್ದರಿಂದ ಅವರು ಏನೂ ಮಾಡಲಿಲ್ಲ, ಆದರೆ ಶಾಂತಾ ಅತ್ತೆಯ ಅತ್ತೆ ಪ್ರತಿ ಹಬ್ಬಕ್ಕೂ ಅದನ್ನೇ ಚುಚ್ಚಿ ಆಡುತ್ತಿದ್ದಳಂತೆ. ಒಂದು ಸಕ್ಕರೆ ಗೊಂಬೆಯನ್ನೂ ಒಬ್ಬಳೇ ತಿನ್ನದೆ ನನಗೆ ಮುರಿದು ಕೊಡುತ್ತಿದ್ದ ಅತ್ತೆ ಅವಳು. ಒಂದು ದಿನ ನಳದ ಹತ್ತಿರ ಅದೇ ಕೂಗಾಟ ಮುಗಿದ ಮೇಲೆ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

“ನನ್ನಪ್ಪನ್ನ ತಂದು ನಳದ ಕಟ್ಟಿ ಮ್ಯಾಲ ಹಾಕಿದೆಲ್ಲ ಬೇ.”

“ನಾ ಏನೂ ಹೇಳಿಲ್ಲ. ಟೀವ್ಯಾಗ ಅಂದ್ರು.”

“ತಿಕೋಟಾದಾಗ ನಮ್ಮ ಮನಿ ಎರಡೂ ಕಡೆ ಮುಸಲ್ಮಾನರ ಮನಿ ಇದ್ದಾವ ಪಾರಿ. ನನಗ ನಿನಗಿಂತಾ ಚೊಲೋ ತಿಳೀತೈತಿ ಹಿಂದಿ. ಮುದುಕ ಏನಂದಾ ಅಂತ ನಾನೂ ಕೇಳೀನಿ.”

ಅಷ್ಟು ಹೇಳಿ ಒಳಗೆ ಹೋದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಗಮನಿಸಬೇಕಾದದ್ದೆಂದರೆ, ಆ ಮುದುಕ ನಿಜವಾಗಿ ಏನಂದ ಎಂದು ಅವಳೂ ಯಾರಿಗೂ ಹೇಳಲಿಲ್ಲ. ಅವ್ವನನ್ನು ನಾನು ದೇವತೆ ಮಾಡಿ ಬರೆಯಲಾರೆ. ಅವಳ ಸೇಡು ಬೇರೆ ಥರದ್ದು, ಸದ್ದಿಲ್ಲದ್ದು. ಆ ಸಾಕರಪುಡಿಯ ನಂತರ ಅವಳು ಆ ಮನೆಯಲ್ಲಿ ಹೋಳಿಗೆ ಮಾಡಲಿಲ್ಲ. ಯುಗಾದಿಗೆ ಕಡಬು, ಹೋಳಿ ಹುಣ್ಣಿಮೆಗೆ ಮಾದಲಿ, ಮತ್ತೊಂದಕ್ಕೆ ಶೇಂಗಾದ ಉಂಡೆ. ದೊಡ್ಡಾಯಿಗೆ ಹೋಳಿಗೆ ಎಂದರೆ ಪ್ರಾಣ. ಬಲಗಡೆಯ ಅಡುಗೆಮನೆಯಲ್ಲಿ ಅವಳು ತಾನೇ ಮಾಡಲು ಹೋದದ್ದೆಲ್ಲ ಹಂಚಿನ ಮೇಲೆ ಹರಿಯುತ್ತಿತ್ತು. ಅವಳು ಕೇಳಲಿಲ್ಲ, ಇವಳು ಮಾಡಲಿಲ್ಲ. ಹೀಗೆ ಇಪ್ಪತ್ತು ವರ್ಷಕ್ಕೂ ಮೇಲೆ ನಡೆಯಿತು.

ಸಣ್ಣಾಯಿ ಮೊದಲು ಹೋದಳು. ಅಪ್ಪನೂ ಹೋದ. ನಾನು ಮದುವೆಯಾಗಿ ಜಲನಗರದಲ್ಲಿ ಮನೆ ಮಾಡಿದೆ, ಅಲ್ಲಿನ ಸಾಲೆಯೊಂದರಲ್ಲಿ ಮಾಸ್ತರಿಕೆ ಹಿಡಿದೆ. ಕಲ್ಲಿನ ಮನೆಯಲ್ಲಿ ಉಳಿದದ್ದು ಅವ್ವ ಮತ್ತು ತೊಂಬತ್ತು ದಾಟಿದ ದೊಡ್ಡಾಯಿ. ಬಲಗಡೆಯ ಒಲೆ ಆರಿಹೋಗಿತ್ತು. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ದೊಡ್ಡಾಯಿಗೆ ಗಂಜಿ ಕುಡಿಸುವವಳು, ಮೈ ಒರೆಸುವವಳು ಅವ್ವನೇ. ಊರಲ್ಲಿರದ ಮಗ ಬಂದು ನೋಡಿಕೊಂಡು ಹೋಗುತ್ತಿದ್ದ, ಶಾಂತಾ ಅತ್ತೆ ಬಬಲೇಶ್ವರದಿಂದ ವಾರಕ್ಕೊಮ್ಮೆ ಬರುತ್ತಿದ್ದಳು. ನಾನು ರವಿವಾರ ಸ್ಕೂಟಿ ತೆಗೆದುಕೊಂಡು ಹೋಗುತ್ತಿದ್ದೆ, ಅವ್ವನನ್ನು ನೋಡಲು ಎಂದು ಒತ್ತಿ ಹೇಳಿಯೇ ಹೋಗುತ್ತಿದ್ದೆ. ಒಂದು ರವಿವಾರ ಮಧ್ಯಾಹ್ನ ಹೋದಾಗ ದೊಡ್ಡಾಯಿಯ ಹಾಸಿಗೆಯ ಪಕ್ಕ ಒಂದು ಬಟ್ಟಲು. ಹಾಲಿನಲ್ಲಿ ನೆನೆಸಿದ ಹೋಳಿಗೆ.

“ಯಾವಾಗ ಮಾಡಿದಿ ಅವ್ವಾ?”

“ಕೇಳಿದ್ಳು. ಮಾಡ್ದೆ.” ಅವ್ವ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ನನಗೆ ಎಷ್ಟು ಸಿಟ್ಟು ಬಂತೆಂದರೆ ಕಿವಿ ಬಿಸಿಯಾಯಿತು. ಅಪ್ಪನ ಮಣ್ಣನ್ನು ಕಸಿದವಳಿಗೆ ಹೋಳಿಗೆ! ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದನ್ನು ಈಕೆ ಹಾಲಿನಲ್ಲಿ ನೆನೆಸಿ ಚಮಚೆಯಿಂದ ತಿನ್ನಿಸಿಬಿಟ್ಟಿದ್ದಳು. ನಾನು ಎದ್ದು ಹೋಗುವವಳಿದ್ದೆ, ಅಷ್ಟರಲ್ಲಿ ದೊಡ್ಡಾಯಿ ನನ್ನ ಸೆರಗು ಹಿಡಿದಳು. ಕಣ್ಣು ಮಂಜಾಗಿದ್ದರೂ ದನಿ ಇನ್ನೂ ಅವಳದೇ.

“ಪಾರಿ. ಒಂದ ಮಾತ ಕೇಳಲೇನು?”

“ಕೇಳ ಆಯಿ.”

“ಆ ಕೋಲಿನ ಮುದುಕ... ಅಂವ ಬಾಗ್ಲಾ ಯಾಕ ತಗದಾ?”

ನನಗೆ ಒಂದು ಕ್ಷಣ ತಿಳಿಯಲಿಲ್ಲ, ಮರುಕ್ಷಣ ತಿಳಿಯಿತು.

“ಸುದ್ದಿ ಮುಚ್ಚಿಟ್ಟಾಂವ ಬಾಗ್ಲಾ ಯಾಕ ತಗೀತಾನ? ಭಾಳ ವರ್ಷ ವಿಚಾರ ಮಾಡೀನಿ ನಾ. ಅಂವ ‘ಮಾ’ ಅಂದಿದ್ದಾ, ಅಷ್ಟು ನನ್ನ ಕಿವಿಗೂ ಬಿದ್ದೈತಿ. ಅಂವ ಹಂಗ ಅಂದಿದ್ದಿಲ್ಲ, ಹೌದಿಲ್ಲೋ? ಹಂಗ ನೀ ಅಂದಿದ್ದಿ.” ಉಸಿರು ಎಳೆದುಕೊಂಡಳು. “ನಾ ಮಾಡಿದ್ದು ನಾ ಮಾಡೀನಿ ಬೇ. ಶಾಂತಾನ ಸಲುವಾಗಿ ಮಾಡೀನಿ, ತಪ್ಪ ಮಾಡೀನಿ. ಆದ್ರ ಅಂವ ಏನ ಮಾಡಿದಾ ಅಷ್ಟ ಹೇಳು. ನಮ್ಮಾಂವ ಇದ್ನಲ್ಲ ಅಂವ.”

ನಮ್ಮವನು. ಇಷ್ಟು ವರ್ಷವಾದರೂ ಅವನು ಅವಳವನೇ. ಒಂದೇ ವಾಕ್ಯ ಸಾಕಿತ್ತು. ನಿನ್ನ ಮುದುಕ ಒಳ್ಳೆಯವನಿದ್ದ ಆಯಿ, ವೈರಿಯ ತಾಯಿಯ ಸುದ್ದಿ ಬಂದ ಕೂಡಲೇ ಬೀಗ ತೆಗೆದು ಕಳಿಸಿದ, ತಾನು ಸಿಕ್ಕಿಬಿದ್ದ. ಅದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ಬೊಗಸೆಯಂಥ ಮುಖವನ್ನು ನನ್ನ ಕಡೆ ಎತ್ತಿದ್ದಳು. ಆ ಮನೆಯಲ್ಲಿ ಏನಾಯಿತು ಎಂದು ಹೇಳುವ ಅಧಿಕಾರ ಮತ್ತೆ ನನ್ನ ಕೈಗೆ ಬಂದಿತ್ತು. ಅವ್ವನ ಉಗುರಿನ ಹೂರಣ ನನ್ನ ಕಣ್ಣ ಮುಂದೆ ಬಂತು.

“ನಾಳೆ ಹೇಳ್ತೀನಿ ಆಯಿ. ನಾ ಹೇಳ್ತೀನಿ, ನೀ ಮಲಗು.”

ಅವಳು ಸೆರಗು ಬಿಟ್ಟಳು. ಜಲನಗರಕ್ಕೆ ಸ್ಕೂಟಿ ಹೊಡೆದುಕೊಂಡು ಬರುವಾಗ ನನಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹತ್ತು ವರ್ಷದವಳಾಗಿದ್ದಾಗ ಎರಡು ರೊಟ್ಟಿ ಹೆಚ್ಚಿಗೆ ತಿಂದೆನಲ್ಲ, ಅದೇ ಸಂತೋಷ. ದಾರಿಯಲ್ಲಿ ನಿಂತು ಕಬ್ಬಿನ ಹಾಲು ಕುಡಿದೆ.

ಮರುದಿನ ಸಾಲೆಗೆ ಹೊರಡುವಾಗ ಅವ್ವನ ಫೋನು ಬಂತು. ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದಾಗ ದೊಡ್ಡಾಯಿ ಮುಗಿದಿದ್ದಳು.

“ನಾಕಕ್ಕ ಮಣ್ಣು. ಶಾಂತಾಗ ಎಲ್ಲಾರಕಿಂತ ಮೊದಲ ಫೋನ್ ಮಾಡೀನಿ, ಹೊಂಟಾಳ. ನೀನೂ ಬಾ.”

ಶಾಂತಾ ಅತ್ತೆ ಹನ್ನೊಂದಕ್ಕೇ ಬಂದು ತಲುಪಿ, ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮನಸಾರೆ ಅತ್ತಳು. ನಾಲ್ಕಕ್ಕೆ ಅವಳು ಹಾಕಿದ ಮೇಲೆ ಅವ್ವ ಒಂದು ಹಿಡಿ ಮಣ್ಣು ಹಾಕಿದಳು, ನಾನೂ ಹಾಕಿದೆ. ಪಶ್ಚಾತ್ತಾಪವಾಯಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ, ಆದರೆ ಆ ಹೊತ್ತಿಗೆ ನನಗೆ ಆದದ್ದು ಹೆದರಿಕೆ. ಮನೆಗೆ ಬಂದಾಗ ಅವ್ವ ಅಂಗಳದ ನಳದ ಹತ್ತಿರ ಒಲೆ ಹೂಡಿ ಎಲ್ಲರ ಜಳಕಕ್ಕೆ ನೀರು ಕಾಸುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತೆ.

“ನಿನ್ನಿ ಅಕಿ ಏನರ ಕೇಳಿದ್ಳೇನು ನಿನಗ?”

“ಕೇಳಿದ್ಳು.”

“ನನ್ನೂ ಕೇಳಿದ್ಳು, ಹೋಳಗಿ ತಿನ್ನಸೂ ಮುಂದ. ಪಾರಿ ಹೇಳ್ತಾಳ ಅಂದಿದ್ದೆ. ಕೆಡಿಸಿದಾಕಿ ನೀನ ಇದ್ದಿ, ನೀನ ನೆಟ್ಟಗ ಮಾಡ್ತಿ ಅಂತ.” ಅವ್ವ ಬಿಸಿನೀರನ್ನು ಬಕೆಟಿಗೆ ಸುರಿದಳು. “ಹೇಳಿದೇನು?”

“ನಾಳೆ ಹೇಳ್ತೀನಿ ಅಂದೆ.”

ಅವ್ವನ ಕೈಯ ಕೊಡ ಅಲ್ಲಿಗೇ ನಿಂತಿತು. ಅವಳು ನನ್ನನ್ನು ನೋಡಿದ ರೀತಿ ನನಗೆ ಪರಿಚಿತವಾಗಿತ್ತು. ಬಲಗಡೆಯ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದವಳನ್ನು ಅವಳು ಹಾಗೆ ನೋಡುತ್ತಿದ್ದಳು.

“ಹೇಳ್ತೀನಿ ಅಂತ ಅಕೀನೂ ಅಂದಿದ್ಳು, ನಮ್ಮ ಅಣ್ಣಗ.”

ಇಷ್ಟು ಹೇಳಿ, ಬಕೆಟನ್ನು ನನ್ನ ಕಡೆ ಸರಿಸಿ, ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಳು.